ಸ್ಪ್ಯಾನಿಷ್ ಕ್ರಿಯಾಪದಗಳಿಗೆ ಪ್ರತ್ಯಯ ಹಚ್ಚುವ ಕ್ರಮ: ವರ್ತಮಾನಕಾಲದ ನಿಯಮಿತ ರೂಪಗಳು

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಪ್ರತಿ ಕ್ರಿಯಾಪದಕ್ಕೂ ಆರಾರು ರೂಪಗಳಿವೆಯಲ್ಲ, ಅಷ್ಟನ್ನೂ ಬಾಯಿಪಾಠ ಮಾಡಲೇಬೇಕೇ?’ ಬೇಕಾಗಿಲ್ಲ. ನಿಯಮಿತ ಕ್ರಿಯಾಪದಗಳಿಗೆ, ಅಂದರೆ ಗೊತ್ತಾದ ಒಂದು ಮಾದರಿಯಂತೆಯೇ ರೂಪ ಬದಲಿಸುವ ಕ್ರಿಯಾಪದಗಳಿಗೆ, ವರ್ತಮಾನಕಾಲದಲ್ಲಿ ಇರುವುದು ಮೂರೇ ಮಾದರಿ. ಅವುಗಳಲ್ಲೂ ಎರಡು ಮಾದರಿಗಳು ಬಹುಪಾಲು ಒಂದೇ ಆಗಿವೆ. ಕಷ್ಟ ಹೆಚ್ಚಾಗಿ ಬರುವುದು ಸ್ಪ್ಯಾನಿಷ್‌ನಿಂದಲ್ಲ, ಅದನ್ನು ಇಂಗ್ಲಿಷ್ ಮೂಲಕ ಕಲಿಯುವುದರಿಂದ. ಕ್ರಿಯಾಪದದ ಕೊನೆಯಲ್ಲಿ ‘ಯಾರು’ ಎಂಬುದನ್ನು ತಿಳಿಸುವ ಪದ್ಧತಿ ಇಂಗ್ಲಿಷ್‌ನಲ್ಲಿ ಬಹುತೇಕ ಅಳಿದುಹೋಗಿದೆ. ಕನ್ನಡದಲ್ಲಿ ಅದು ಪೂರ್ತಿಯಾಗಿ ಉಳಿದಿದೆ. ಆದ್ದರಿಂದ ಈ ಲೇಖನದಲ್ಲಿ ಕನ್ನಡ ವ್ಯಾಕರಣವನ್ನೇ ಆಧಾರವಾಗಿ ಇಟ್ಟುಕೊಳ್ಳೋಣ, ಮತ್ತು ಕನ್ನಡದ ರೂಢಿ ನಮ್ಮನ್ನು ದಾರಿ ತಪ್ಪಿಸುವ ಕೆಲವು ಜಾಗಗಳನ್ನೂ ಗುರುತು ಮಾಡಿಕೊಳ್ಳೋಣ.

ಓದುವ ಮೊದಲು ಬರವಣಿಗೆಯ ಬಗ್ಗೆ ಒಂದು ಸೂಚನೆ. ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಉಚ್ಚಾರಣೆಗೆ ತಕ್ಕಂತೆ ಬರೆದಿದ್ದೇನೆ, ಮತ್ತು ಒತ್ತಿ ಹೇಳಬೇಕಾದ ಸ್ವರವನ್ನು ದೀರ್ಘವಾಗಿ ತೋರಿಸಿದ್ದೇನೆ. ಹೀಗೆ ದೀರ್ಘ ಕಂಡಲ್ಲಿ ನೀವು ಎಳೆಯುವುದಕ್ಕಿಂತ ಒತ್ತುವುದು ಮುಖ್ಯ. ಒಂದೇ ಉಚ್ಚಾರಾಂಶದ ಪದಗಳನ್ನು ಹ್ರಸ್ವವಾಗಿಯೇ ಬಿಟ್ಟಿದ್ದೇನೆ. ಪದದ ಕೊನೆಯ ‘ಅ’ ಕಾರವನ್ನು ನುಂಗದೆ, ‘ಆ’ ಕಾರವನ್ನು ಚಿಕ್ಕದಾಗಿ ಹೇಳಿದಂತೆ ಬಾಯಿ ತೆರೆದು ಹೇಳಬೇಕು. ಸ್ಪ್ಯಾನಿಷ್‌ನಲ್ಲಿ ‘ಬಿ’ ಮತ್ತು ‘ವಿ’ ಅಕ್ಷರಗಳಿಗೆ ಒಂದೇ ಧ್ವನಿ ಇರುವುದರಿಂದ ಎರಡಕ್ಕೂ ‘ಬ’ ಬಳಸಿದ್ದೇನೆ. ‘ಹೆಚ್’ ಅಕ್ಷರ ಉಚ್ಚಾರವಾಗುವುದಿಲ್ಲ. ‘ತ’ ಮತ್ತು ‘ದ’ ನಮ್ಮ ದಂತ್ಯಗಳೇ.

ಹಂತ 1: ಮೂಲರೂಪವನ್ನು ಒಡೆಯಿರಿ

ನಿಘಂಟಿನಲ್ಲಿ ಕ್ರಿಯಾಪದ ಕಾಣಿಸುವ ರೂಪವೇ ಮೂಲರೂಪ. ಸ್ಪ್ಯಾನಿಷ್‌ನಲ್ಲಿ ಅದು ಆರ್, ಏರ್, ಈರ್ ಎಂಬ ಮೂರರಲ್ಲಿ ಒಂದರಿಂದ ಮುಗಿಯುತ್ತದೆ. ಅಬ್ಲಾರ್ ಎಂದರೆ ಮಾತನಾಡುವುದು, ಕೊಮೇರ್ ಎಂದರೆ ತಿನ್ನುವುದು, ಬಿಬೀರ್ ಎಂದರೆ ವಾಸಿಸುವುದು ಅಥವಾ ಬದುಕುವುದು. ಈ ಮೂರು ವರ್ಗಗಳ ವಿಂಗಡಣೆ ಹಳೆಯದು; 1492ರಲ್ಲಿ ಅಂತೋನಿಯೊ ದೆ ನೆಬ್ರೀಹ ಪ್ರಕಟಿಸಿದ ಕ್ಯಾಸ್ಟಿಲಿಯನ್ (ಅಂದರೆ ಸ್ಪ್ಯಾನಿಷ್) ವ್ಯಾಕರಣದಲ್ಲೂ ಕ್ರಿಯಾಪದಗಳನ್ನು ಹೀಗೆಯೇ ಮೂರಾಗಿ ಹಂಚಲಾಗಿದೆ.

ಕೊನೆಯ ಆರ್, ಏರ್ ಅಥವಾ ಈರ್ ತೆಗೆದರೆ ಉಳಿಯುವುದು ಧಾತು: ಅಬ್ಲ್‌, ಕೊಮ್‌, ಬಿಬ್‌. ನಿಯಮಿತ ಕ್ರಿಯಾಪದಗಳಲ್ಲಿ, ಹಂತ 7ರಲ್ಲಿ ಬರುವ ಕೆಲವನ್ನು ಬಿಟ್ಟರೆ, ಈ ಧಾತುವಿನ ಅಕ್ಷರಗಳು ಬದಲಾಗುವುದಿಲ್ಲ, ಅದರ ಮುಂದಿನ ಪ್ರತ್ಯಯ ಮಾತ್ರ ಬದಲಾಗುತ್ತದೆ. ಶಾಲೆಯ ಕನ್ನಡ ವ್ಯಾಕರಣದಲ್ಲಿ ‘ಆಖ್ಯಾತ ಪ್ರತ್ಯಯ’ ಎಂದು ಓದಿದ್ದು ನೆನಪಿದ್ದರೆ, ಅದೇ ಇದು. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀರಿ ಎಂಬಲ್ಲಿ ಏನೆ, ಏವೆ, ಈರಿ ಮಾಡುವ ಕೆಲಸವನ್ನೇ ಸ್ಪ್ಯಾನಿಷ್‌ನಲ್ಲಿ ಒ, ಆಮೊಸ್, ಆಯ್ಸ್ ಮಾಡುತ್ತವೆ. ವ್ಯತ್ಯಾಸವೆಂದರೆ ಕನ್ನಡದಲ್ಲಿ ಧಾತುವಿಗೂ ಆಖ್ಯಾತಕ್ಕೂ ನಡುವೆ ಕಾಲವನ್ನು ಸೂಚಿಸುವ ‘ಉತ್ತ’ ಇರುತ್ತದೆ. ಸ್ಪ್ಯಾನಿಷ್ ವರ್ತಮಾನಕಾಲದಲ್ಲಿ ಅಂಥ ಬೇರೆ ತುಂಡು ಇಲ್ಲ, ಪ್ರತ್ಯಯ ನೇರವಾಗಿ ಧಾತುವಿಗೆ ಅಂಟುತ್ತದೆ.

ಹಂತ 2: ಕ್ರಿಯೆ ಯಾರದು ಎಂದು ನಿರ್ಧರಿಸಿ

ಪ್ರತ್ಯಯ ಹುಡುಕುವ ಮೊದಲು ಕರ್ತೃ ಯಾರೆಂಬುದು ನಿಶ್ಚಯವಾಗಬೇಕು. ಆರು ಸ್ಥಾನಗಳು ಹೀಗಿವೆ:

ಯೊ: ನಾನು
ತು: ನೀನು
ಎಲ್, ಏಯ, ಉಸ್ತೇದ್: ಅವನು, ಅವಳು, (ಒಬ್ಬರಿಗೆ ಗೌರವದಿಂದ) ನೀವು
ನೊಸೋತ್ರೊಸ್, ನೊಸೋತ್ರಸ್: ನಾವು (ಎಲ್ಲರೂ ಹೆಂಗಸರಾದರೆ ಎರಡನೆಯದು)
ಬೊಸೋತ್ರೊಸ್, ಬೊಸೋತ್ರಸ್: ಸಲುಗೆಯವರಾದ ಹಲವರಿಗೆ ನೀವು
ಏಯೊಸ್, ಏಯಸ್, ಉಸ್ತೇದೆಸ್: ಅವರು, (ಹಲವರಿಗೆ) ನೀವು

ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಹಂತದಲ್ಲೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಮೊದಲನೆಯದು ಹೆಸರಿನ ಗೊಂದಲ. ಸ್ಪ್ಯಾನಿಷ್ ಪಠ್ಯಪುಸ್ತಕದಲ್ಲಿ ‘ಪ್ರಿಮೇರ ಪೆರ್ಸೋನ’, ಅಂದರೆ ಅಕ್ಷರಶಃ ಮೊದಲನೆಯ ಪುರುಷ, ಎಂದರೆ ‘ನಾನು, ನಾವು’. ಕನ್ನಡ ವ್ಯಾಕರಣದಲ್ಲಿ ಅದು ಉತ್ತಮ ಪುರುಷ. ನಮ್ಮ ‘ಪ್ರಥಮ ಪುರುಷ’ ಎಂದರೆ ‘ಅವನು, ಅವಳು, ಅವರು’. ಎರಡೂ ಪಟ್ಟಿಗಳನ್ನು ಒಂದೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವವರು ಈ ತಿರುವುಮುರುವನ್ನು ಪುಟದ ಮೇಲ್ಭಾಗದಲ್ಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಎರಡನೆಯದು ಉಸ್ತೇದ್. ಅರ್ಥದಲ್ಲಿ ಇದು ‘ನೀವು’ ಆದರೂ ಇದಕ್ಕೆ ಹೊಂದುವ ಕ್ರಿಯಾಪದ ‘ಅವನು, ಅವಳು’ ಸಾಲಿನದು. ಕಾರಣ ಚರಿತ್ರೆಯಲ್ಲಿದೆ: ‘ತಮ್ಮ ಕೃಪೆ’ ಎಂಬ ಅರ್ಥದ ‘ಬ್ವೇಸ್ತ್ರ ಮೆರ್ಸೇದ್’ ಎಂಬ ಗೌರವದ ಸಂಬೋಧನೆ ಸವೆದು ಉಸ್ತೇದ್ ಆಯಿತು, ಹಾಗಾಗಿ ಕ್ರಿಯಾಪದ ಇಂದಿಗೂ ಎದುರಿಗಿರುವ ವ್ಯಕ್ತಿಗಲ್ಲ, ಆ ‘ಕೃಪೆ’ಗೆ ಹೊಂದುತ್ತದೆ. ಕಾರಣ ಮರೆತರೂ ಪರವಾಗಿಲ್ಲ, ಉಸ್ತೇದ್ ಮೂರನೆಯ ಸಾಲಿನಲ್ಲಿ, ಉಸ್ತೇದೆಸ್ ಆರನೆಯ ಸಾಲಿನಲ್ಲಿ ಎಂಬುದು ಮರೆಯಬಾರದು.

ಮೂರನೆಯದು ನಮ್ಮ ಗೌರವಾರ್ಥಕ ಬಹುವಚನ. ಕನ್ನಡದಲ್ಲಿ ಅಜ್ಜಿ ಒಬ್ಬರೇ ಇದ್ದರೂ ‘ಬರುತ್ತಾರೆ’, ಮೇಷ್ಟ್ರು ಒಬ್ಬರೇ ಆದರೂ ‘ಹೇಳುತ್ತಾರೆ’. ಸ್ಪ್ಯಾನಿಷ್‌ನಲ್ಲಿ ಮೂರನೆಯವರ ಬಗ್ಗೆ ಮಾತನಾಡುವಾಗ ಕ್ರಿಯಾಪದದಲ್ಲಿ ಗೌರವ ಸೂಚಿಸುವ ಪದ್ಧತಿಯೇ ಇಲ್ಲ. ಅಜ್ಜಿ, ಅಧ್ಯಾಪಕಿ, ರಾಜ, ಯಾರೇ ಆಗಲಿ, ಒಬ್ಬರಾದರೆ ಏಕವಚನವೇ ಸರಿ, ಅದರಲ್ಲಿ ಅಗೌರವ ಏನೂ ಇಲ್ಲ. ಮನಸ್ಸಿನಲ್ಲಿ ಕನ್ನಡ ವಾಕ್ಯ ಕಟ್ಟಿ ತಿರುಗಿಸುವವರು ಇಲ್ಲಿ ಬಹುವಚನ ಬಳಸಿಬಿಡುತ್ತಾರೆ, ಕೇಳಿದವರು ಎಷ್ಟು ಜನ ಅಜ್ಜಿಯರು ಎಂದು ಯೋಚಿಸುತ್ತಾರೆ.

ಇದೇ ಬಗೆಯ ಇನ್ನೊಂದು ಸೂಕ್ಷ್ಮವೆಂದರೆ ‘ಜನ’. ನಾವು ‘ಜನ ಮಾತನಾಡುತ್ತಾರೆ’ ಎನ್ನುತ್ತೇವೆ. ಸ್ಪ್ಯಾನಿಷ್‌ನ ‘ಲ ಹೇಂತೆ’ ಏಕವಚನ: ‘ಲ ಹೇಂತೆ ಆಬ್ಲ’ ಎಂದರೇ ಸರಿ. ಆದರೆ ‘ನನ್ನ ಅಣ್ಣನೂ ನಾನೂ’ ಎಂಬಂಥ ಜೋಡಿ ಕರ್ತೃ ಬಂದಾಗ ಎರಡು ಭಾಷೆಗಳೂ ಒಂದೇ ದಾರಿ ಹಿಡಿಯುತ್ತವೆ. ಗುಂಪಿನಲ್ಲಿ ‘ನಾನು’ ಇದ್ದರೆ ಕ್ರಿಯಾಪದ ‘ನಾವು’ ಸಾಲಿನದು.

ಬೊಸೋತ್ರೊಸ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ನೀವು ಯಾರೊಂದಿಗೆ ಮಾತನಾಡುತ್ತೀರಿ ಎಂಬುದರ ಮೇಲಿದೆ. ಸ್ಪೇನಿನ ಬಹುಭಾಗದಲ್ಲಿ ಅದು ದಿನಬಳಕೆಯ ಮಾತು. ಮೆಕ್ಸಿಕೊದಿಂದ ಚಿಲಿಯವರೆಗೆ ಇಡೀ ಲ್ಯಾಟಿನ್ ಅಮೆರಿಕದಲ್ಲಿ ಆಡುಮಾತಿನಲ್ಲಿ ಅದು ಇಲ್ಲ, ಸಲುಗೆ ಇರಲಿ ಗೌರವ ಇರಲಿ ಹಲವರಿಗೆ ಉಸ್ತೇದೆಸ್ ಒಂದೇ. ಮೆಕ್ಸಿಕೊ ಅಥವಾ ಕೊಲಂಬಿಯಾದ ಸಹೋದ್ಯೋಗಿಗಳೊಂದಿಗೆ ಮಾತನಾಡಲು ಕಲಿಯುತ್ತಿರುವವರು ಐದನೆಯ ಸಾಲನ್ನು ಗುರುತಿಸಲು ಕಲಿತರೆ ಸಾಕು. ಸ್ಪೇನಿಗೆ ಓದಲು ಹೋಗುವವರು ಆಡಲೂ ಕಲಿಯಬೇಕು. ಸ್ಪೇನಿನ ಭಾಷಾ ಸಂಸ್ಥೆಯಾದ ಇನ್‌ಸ್ತಿತೂತೊ ಸೆರ್ಬಾಂತೆಸ್ ನಡೆಸುವ ದೇಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಗೆ ಕೂರುವವರು ಎರಡರಲ್ಲಿ ಯಾವ ಪದ್ಧತಿಯನ್ನಾದರೂ ಅನುಸರಿಸಬಹುದು, ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಬಾರದು.

ಹಂತ 3: ಆರ್ ವರ್ಗವನ್ನು ಗಟ್ಟಿ ಮಾಡಿಕೊಳ್ಳಿ

ಇದರಿಂದಲೇ ಆರಂಭಿಸಲು ಕಾರಣವಿದೆ. ಸ್ಪ್ಯಾನಿಷ್ ಕ್ರಿಯಾಪದಗಳಲ್ಲಿ ಅತಿ ಹೆಚ್ಚು ಸಂಖ್ಯೆಯವು ಈ ವರ್ಗದವು, ಮತ್ತು ಹೊಸದಾಗಿ ಹುಟ್ಟುವ ಕ್ರಿಯಾಪದಗಳೂ ಸಾಮಾನ್ಯವಾಗಿ ಇಲ್ಲಿಗೇ ಸೇರುತ್ತವೆ; ಚಾಟ್ ಮಾಡುವುದು ‘ಚತೆಆರ್’ ಆಯಿತು, ಟ್ವೀಟ್ ಮಾಡುವುದು ‘ತುಯ್ತೆಆರ್’ ಆಯಿತು. ಅಬ್ಲಾರ್ ರೂಪಗಳು ಹೀಗಿವೆ:

ಯೊ ಆಬ್ಲೊ: ಮಾತನಾಡುತ್ತೇನೆ
ತು ಆಬ್ಲಸ್: ಮಾತನಾಡುತ್ತೀಯೆ
ಎಲ್, ಏಯ, ಉಸ್ತೇದ್ ಆಬ್ಲ: ಮಾತನಾಡುತ್ತಾನೆ, ಮಾತನಾಡುತ್ತಾಳೆ, ಮಾತನಾಡುತ್ತೀರಿ
ನೊಸೋತ್ರೊಸ್ ಅಬ್ಲಾಮೊಸ್: ಮಾತನಾಡುತ್ತೇವೆ
ಬೊಸೋತ್ರೊಸ್ ಅಬ್ಲಾಯ್ಸ್: ಮಾತನಾಡುತ್ತೀರಿ
ಏಯೊಸ್, ಉಸ್ತೇದೆಸ್ ಆಬ್ಲನ್: ಮಾತನಾಡುತ್ತಾರೆ, ಮಾತನಾಡುತ್ತೀರಿ

ಮೂರನೆಯ ಸಾಲನ್ನು ಗಮನಿಸಿ. ಕನ್ನಡದಲ್ಲಿ ‘ತ್ತಾನೆ, ತ್ತಾಳೆ, ತ್ತದೆ’ ಎಂದು ಲಿಂಗಕ್ಕೆ ತಕ್ಕಂತೆ ಬದಲಾಗುವ ಜಾಗದಲ್ಲಿ ಸ್ಪ್ಯಾನಿಷ್‌ಗೆ ಒಂದೇ ರೂಪ ಸಾಕು. ಆಬ್ಲ ಎಂಬಲ್ಲಿ ‘ಅ’ ಇದೆ ಎಂದು ಅದು ಸ್ತ್ರೀಲಿಂಗವಾಗುವುದಿಲ್ಲ, ಆಬ್ಲೊ ಎಂಬುದು ಪುಲ್ಲಿಂಗವೂ ಅಲ್ಲ. ನಾಮಪದಗಳಲ್ಲಿ ‘ಒ’ ಗಂಡು, ‘ಅ’ ಹೆಣ್ಣು ಎಂದು ಆಗಷ್ಟೇ ಕಲಿತವರು ಇಲ್ಲಿ ಎಡವುತ್ತಾರೆ. ಹೆಂಗಸು ಮಾತನಾಡಿದರೂ ‘ಯೊ ಆಬ್ಲೊ’ ಎಂದೇ ಹೇಳಬೇಕು.

ಅಭ್ಯಾಸಕ್ಕೆ ತ್ರಬಹಾರ್ (ಕೆಲಸ ಮಾಡುವುದು), ಕೊಂಪ್ರಾರ್ (ಕೊಳ್ಳುವುದು), ಕಂತಾರ್ (ಹಾಡುವುದು), ಮಿರಾರ್ (ನೋಡುವುದು) ತೆಗೆದುಕೊಳ್ಳಿ. ಧಾತು ಬದಲಿಸಿ, ಪ್ರತ್ಯಯಗಳನ್ನು ಹಾಗೆಯೇ ಹಚ್ಚಿ: ತ್ರಬಾಹೊ, ತ್ರಬಾಹಸ್, ತ್ರಬಾಹ, ತ್ರಬಹಾಮೊಸ್, ತ್ರಬಹಾಯ್ಸ್, ತ್ರಬಾಹನ್.

ಹಂತ 4: ಏರ್ ಮತ್ತು ಈರ್ ವರ್ಗಗಳನ್ನು ಒಟ್ಟಿಗೆ ಕಲಿಯಿರಿ

ಕೊಮೇರ್: ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೊಮೇಯ್ಸ್, ಕೋಮೆನ್.
ಬಿಬೀರ್: ಬೀಬೊ, ಬೀಬೆಸ್, ಬೀಬೆ, ಬಿಬೀಮೊಸ್, ಬಿಬೀಸ್, ಬೀಬೆನ್.

ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ವ್ಯತ್ಯಾಸ ಇರುವುದು ‘ನಾವು’ ಮತ್ತು ‘ಬೊಸೋತ್ರೊಸ್’ ರೂಪಗಳಲ್ಲಿ ಮಾತ್ರ ಎಂಬುದು ತಿಳಿಯುತ್ತದೆ. ಲ್ಯಾಟಿನ್ ಅಮೆರಿಕದ ಪದ್ಧತಿ ಅನುಸರಿಸುವವರಿಗೆ ಉಳಿಯುವ ವ್ಯತ್ಯಾಸ ಒಂದೇ: ಏಮೊಸ್, ಈಮೊಸ್. ‘ನಾನು’ ರೂಪದ ‘ಒ’ ಮೂರೂ ವರ್ಗಗಳಿಗೆ ಸಮಾನ. ಲೆಏರ್ (ಓದುವುದು), ಅಪ್ರೆಂದೇರ್ (ಕಲಿಯುವುದು), ದೆಬೇರ್ (ಮಾಡಲೇಬೇಕಾಗಿರುವುದು) ಏರ್ ವರ್ಗದವು. ಎಸ್ಕ್ರಿಬೀರ್ (ಬರೆಯುವುದು), ಅಬ್ರೀರ್ (ತೆರೆಯುವುದು) ಈರ್ ವರ್ಗದವು. ಈರ್ ವರ್ಗಕ್ಕೆ ‘ಬೀಬಿಸ್, ಬೀಬಿ’ ಎಂದು ಎಲ್ಲೆಡೆ ‘ಇ’ ಹಾಕಿಬಿಡುವುದು ಸಾಮಾನ್ಯ ತಪ್ಪು. ಏಕವಚನದಲ್ಲಿ ಅಲ್ಲಿ ಬರುವುದು ‘ಎ’.

ಹಂತ 5: ಒತ್ತನ್ನು ಸರಿಯಾದ ಜಾಗದಲ್ಲಿ ಹಾಕಿ

ಕನ್ನಡದಲ್ಲಿ ಒತ್ತು ಎಲ್ಲಿ ಬಿದ್ದರೂ ಪದದ ಅರ್ಥ ಬದಲಾಗುವುದಿಲ್ಲ, ಆದ್ದರಿಂದ ನಮಗೆ ಇದು ನಿಜವಾಗಿ ಹೊಸ ವಿಷಯ. ಸ್ಪ್ಯಾನಿಷ್‌ನಲ್ಲಿ ‘ಆಬ್ಲೊ’ ಎಂದರೆ ನಾನು ಮಾತನಾಡುತ್ತೇನೆ; ಒತ್ತನ್ನು ಕೊನೆಗೆ ತಳ್ಳಿ ‘ಅಬ್ಲೋ’ ಎಂದರೆ ಅವನು ಅಥವಾ ಅವಳು ಮಾತನಾಡಿದ ಸಂಗತಿ. ಒಂದೇ ಏಟಿಗೆ ಕಾಲವೂ ಪುರುಷವೂ ಬದಲಾಗುತ್ತವೆ.

ನಿಯಮ ಸರಳವಾಗಿದೆ. ಸ್ವರದಿಂದ, ‘ಎನ್’ ಅಥವಾ ‘ಎಸ್’ ಅಕ್ಷರದಿಂದ ಮುಗಿಯುವ ಪದದಲ್ಲಿ ಒತ್ತು ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ; ಉಳಿದ ವ್ಯಂಜನಗಳಿಂದ ಮುಗಿದರೆ ಕೊನೆಯದರ ಮೇಲೆ. ಇದನ್ನು ಮೀರುವ ಪದಗಳಿಗೆ ಬರವಣಿಗೆಯಲ್ಲಿ ಸ್ವರದ ಮೇಲೆ ಓರೆಗೆರೆ ಹಾಕುತ್ತಾರೆ. ಮೂಲರೂಪಗಳೆಲ್ಲ ‘ರ್’ನಿಂದ ಮುಗಿಯುವುದರಿಂದ ಒತ್ತು ಕೊನೆಯಲ್ಲಿದೆ. ಆರು ರೂಪಗಳಲ್ಲಿ ನಾಲ್ಕಕ್ಕೆ ಒತ್ತು ಧಾತುವಿನ ಮೇಲೆ ಬೀಳುತ್ತದೆ. ‘ನಾವು’ ಮತ್ತು ‘ಬೊಸೋತ್ರೊಸ್’ ರೂಪಗಳಲ್ಲಿ ಅದು ಪ್ರತ್ಯಯಕ್ಕೆ ಜಾರುತ್ತದೆ. ಮೇಲಿನ ಮೂರು ಕ್ರಿಯಾಪದಗಳಲ್ಲಿ ಓರೆಗೆರೆ ಬೇಕಾಗುವುದು ಬೊಸೋತ್ರೊಸ್ ರೂಪಕ್ಕೆ ಮಾತ್ರ.

ಅರ್ಜೆಂಟೀನಾ, ಉರುಗ್ವೆ, ಪರಾಗ್ವೆ ಮತ್ತು ಮಧ್ಯ ಅಮೆರಿಕದ ಹಲವೆಡೆ ‘ತು’ ಬದಲು ‘ಬೊಸ್’ ಬಳಕೆಯಲ್ಲಿದೆ. ಅರ್ಜೆಂಟೀನಾದಲ್ಲಿ ಅದರ ರೂಪಗಳು ಅಬ್ಲಾಸ್, ಕೊಮೇಸ್, ಬಿಬೀಸ್. ಅಂದರೆ ಒತ್ತು ಕೊನೆಗೆ ಹೋಗುತ್ತದೆ. ಬ್ಯೂನಸ್ ಐರಿಸ್‌ನ ಫುಟ್‌ಬಾಲ್ ಆಟಗಾರರ ಸಂದರ್ಶನ ಕೇಳಿ ‘ಇದು ನಾನು ಕಲಿತ ರೂಪವಲ್ಲವಲ್ಲ’ ಎಂದು ಗಾಬರಿಯಾಗುವವರಿಗೆ ಇಷ್ಟು ತಿಳಿದಿದ್ದರೆ ಸಾಕು.

ಹಂತ 6: ವಾಕ್ಯದಲ್ಲಿ ಕೂರಿಸಿ

ಪ್ರತ್ಯಯವೇ ಕರ್ತೃವನ್ನು ತಿಳಿಸುವುದರಿಂದ ಯೊ, ತು, ನೊಸೋತ್ರೊಸ್ ಮುಂತಾದವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ‘ನಾಳೆ ಬರುತ್ತೇನೆ’ ಎನ್ನುವಾಗ ನಾವು ‘ನಾನು’ ಹೇಳದಿರುವಂತೆಯೇ ಇದೂ. ಪ್ರತಿ ವಾಕ್ಯವನ್ನೂ ‘ಯೊ’ ಇಂದ ಆರಂಭಿಸುವುದು ಇಂಗ್ಲಿಷ್‌ನ ಅಭ್ಯಾಸ, ಸ್ಪ್ಯಾನಿಷ್ ಕಿವಿಗೆ ಅದು ‘ನಾನೇ, ನಾನೇ’ ಎಂದಂತೆ ಕೇಳಿಸುತ್ತದೆ. ಹೋಲಿಕೆ ಅಥವಾ ಒತ್ತು ಬೇಕಾದಾಗ, ಇಲ್ಲವೇ ಆಬ್ಲ ಎಂಬುದು ಅವನದೋ ಅವಳದೋ ನಿಮ್ಮದೋ ಸ್ಪಷ್ಟವಾಗದಿದ್ದಾಗ ಮಾತ್ರ ಸರ್ವನಾಮ ಸೇರಿಸಿ.

ನಿಷೇಧ ಮಾಡಲು ಕ್ರಿಯಾಪದದ ಮುಂದೆ ‘ನೊ’ ಇಟ್ಟರೆ ಮುಗಿಯಿತು: ನೊ ಆಬ್ಲೊ ಎಸ್ಪಞೋಲ್, ಅಂದರೆ ಸ್ಪ್ಯಾನಿಷ್ ಮಾತನಾಡುವುದಿಲ್ಲ. ಇಲ್ಲಿ ಕನ್ನಡ ಮೋಸ ಮಾಡುತ್ತದೆ. ನಾನಾಗಲಿ ನೀನಾಗಲಿ ಅವರಾಗಲಿ, ನಿಷೇಧದಲ್ಲಿ ನಮಗೆ ‘ಮಾತನಾಡುವುದಿಲ್ಲ’ ಎಂಬ ಒಂದೇ ರೂಪ, ಆಖ್ಯಾತ ಪ್ರತ್ಯಯ ಮಾಯವಾಗುತ್ತದೆ. ಈ ಅಭ್ಯಾಸದಿಂದಲೇ ‘ನೊ ಅಬ್ಲಾರ್’ ಎಂದು ಮೂಲರೂಪ ಬಳಸುವ ತಪ್ಪು ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ನಿಷೇಧವಾದರೂ ಪ್ರತ್ಯಯ ಇರಲೇಬೇಕು: ನೊ ಆಬ್ಲಸ್, ನೊ ಅಬ್ಲಾಮೊಸ್, ನೊ ಆಬ್ಲನ್. ಪ್ರಶ್ನೆಗೆ ಬೇರೆ ಪದ ಬೇಡ, ದನಿ ಏರಿಸಿದರೆ ಸಾಕು. ಬರೆಯುವಾಗ ಮಾತ್ರ ವಾಕ್ಯದ ಆರಂಭದಲ್ಲಿ ತಲೆಕೆಳಗಾದ ಪ್ರಶ್ನೆಚಿಹ್ನೆಯನ್ನೂ ಹಾಕಬೇಕು.

ಎರಡು ಕ್ರಿಯಾಪದಗಳು ಜೊತೆಯಾಗಿ ಬಂದು ಎರಡರ ಕರ್ತೃವೂ ಒಂದೇ ಆದಾಗ ಮೊದಲನೆಯದಕ್ಕೆ ಮಾತ್ರ ಪ್ರತ್ಯಯ: ನೆಸೆಸೀತೊ ಅಬ್ಲಾರ್ ಕೊನ್ ಉಸ್ತೇದ್, ಅಂದರೆ ನಿಮ್ಮೊಂದಿಗೆ ಮಾತನಾಡಬೇಕಾಗಿದೆ. ‘ನೆಸೆಸೀತೊ ಆಬ್ಲೊ’ ತಪ್ಪು.

ಗುಸ್ತಾರ್ (ಇಷ್ಟವಾಗುವುದು) ಎಂಬ ಕ್ರಿಯಾಪದದ ಬಗ್ಗೆ ಬರುವ ದೂರುಗಳು ಬಹಳ. ಅದು ಪೂರ್ತಿ ನಿಯಮಿತವಾದ ಆರ್ ವರ್ಗದ್ದು, ವಾಕ್ಯರಚನೆಯೂ ನಮಗೆ ಚೆನ್ನಾಗಿ ಗೊತ್ತಿರುವುದೇ. ‘ನನಗೆ ಕಾಫಿ ಇಷ್ಟವಾಗುತ್ತದೆ, ನನಗೆ ಪುಸ್ತಕಗಳು ಇಷ್ಟವಾಗುತ್ತವೆ’ ಎಂಬಲ್ಲಿ ಕ್ರಿಯಾಪದ ಕಾಫಿಗೂ ಪುಸ್ತಕಗಳಿಗೂ ಹೊಂದುತ್ತದೆಯೇ ಹೊರತು ನನಗಲ್ಲ. ಸ್ಪ್ಯಾನಿಷ್‌ನಲ್ಲೂ ಹಾಗೆಯೇ: ಮೆ ಗೂಸ್ತ ಎಲ್ ಕಫೇ, ಮೆ ಗೂಸ್ತನ್ ಲೊಸ್ ಲೀಬ್ರೊಸ್. ಇಂಗ್ಲಿಷ್ ಮೂಲಕ ಕಲಿಯುವವರು ಇದಕ್ಕಾಗಿ ವಾರಗಟ್ಟಲೆ ಒದ್ದಾಡುತ್ತಾರೆ; ನೀವು ಒದ್ದಾಡಬೇಕಾದ ಕಾರಣವಿಲ್ಲ.

ಕಾಲದ ವ್ಯಾಪ್ತಿಯಲ್ಲೂ ಕನ್ನಡ ನೆರವಿಗೆ ಬರುತ್ತದೆ. ದಿನವೂ ಮಾಡುವ ಕೆಲಸಕ್ಕೂ, ಇನ್ನೇನು ಮಾಡಲಿರುವ ಕೆಲಸಕ್ಕೂ ಈ ಒಂದೇ ರೂಪ ನಡೆಯುತ್ತದೆ: ‘ಮಞಾನ ತೆ ಯಾಮೊ’ ಎಂದರೆ ನಾಳೆ ನಿನಗೆ ಫೋನ್ ಮಾಡುತ್ತೇನೆ. ಹಿಂದೆ ಆರಂಭವಾಗಿ ಇಂದೂ ನಡೆಯುತ್ತಿರುವುದಕ್ಕೂ ಇದನ್ನೇ ಬಳಸುತ್ತಾರೆ: ‘ತ್ರಬಾಹೊ ಅಕೀ ದೇಸ್ದೆ 2019’ ಎಂದರೆ 2019ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ.

ಈಗ ಒಂದು ಚಿಕ್ಕ ಕಂಡಿಕೆಯನ್ನು ಪೂರ್ತಿಯಾಗಿ ಮಾಡಿ ನೋಡೋಣ. ‘ನನ್ನ ಅಜ್ಜಿ ಮೈಸೂರಿನಲ್ಲಿ ವಾಸಿಸುತ್ತಾರೆ. ಬೆಳಿಗ್ಗೆ ಕಾಫಿ ಕುಡಿದು ಪತ್ರಿಕೆ ಓದುತ್ತಾರೆ. ಅಣ್ಣನೂ ನಾನೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇವೆ. ಟೀವಿ ನೋಡುವುದಿಲ್ಲ.’

ಮಿ ಅಬ್ವೇಲ ಬೀಬೆ ಎನ್ ಮೈಸೂರು. ಪೊರ್ ಲ ಮಞಾನ ತೋಮ ಕಫೇ ಇ ಲೇಎ ಎಲ್ ಪೆರ್ಯೋದಿಕೊ. ಮಿ ಎರ್ಮಾನೊ ಇ ಯೊ ತ್ರಬಹಾಮೊಸ್ ಎನ್ ಬೆಂಗಳೂರು. ನೊ ಮಿರಾಮೊಸ್ ಲ ತೆಲೆಬಿಸ್ಯೋನ್.

ಅಜ್ಜಿಗೆ ಮೂರು ಕಡೆಯೂ ಏಕವಚನ: ಬೀಬೆ, ತೋಮ, ಲೇಎ. ಕಾಫಿ ಕುಡಿಯುವುದಕ್ಕೆ ಬೆಬೇರ್ ತಪ್ಪಲ್ಲ, ಆದರೆ ‘ಸೇವಿಸು’ ಎಂಬರ್ಥದ ತೊಮಾರ್ ಹೆಚ್ಚು ರೂಢಿಯಲ್ಲಿದೆ. ಕೊನೆಯ ವಾಕ್ಯದ ಕನ್ನಡದಲ್ಲಿ ಕರ್ತೃ ಎಲ್ಲೂ ಕಾಣುವುದಿಲ್ಲ, ಕ್ರಿಯಾಪದವೂ ಅದನ್ನು ಹೇಳುವುದಿಲ್ಲ. ಸ್ಪ್ಯಾನಿಷ್‌ಗೆ ಹೋಗುವಾಗ ಅದು ‘ನಾವು’ ಎಂದು ನೀವೇ ಗುರುತಿಸಿ ಮಿರಾಮೊಸ್ ಎನ್ನಬೇಕು.

ಹಂತ 7: ಕಾಗುಣಿತ ಬದಲಾದರೆ ಹೆದರಬೇಡಿ

ಕೆಲವು ನಿಯಮಿತ ಕ್ರಿಯಾಪದಗಳಲ್ಲಿ ‘ನಾನು’ ರೂಪದ ಅಕ್ಷರ ಬದಲಾಗುತ್ತದೆ, ಧ್ವನಿ ಬದಲಾಗುವುದಿಲ್ಲ. ಎಸ್ಕೊಹೇರ್ (ಆರಿಸುವುದು) ಬರೆಯುವುದು ‘ಜಿ’ ಅಕ್ಷರದಿಂದ. ‘ಒ’ ಮುಂದೆ ಆ ಅಕ್ಷರಕ್ಕೆ ‘ಗ’ ಧ್ವನಿ ಬಂದುಬಿಡುವುದರಿಂದ, ‘ಹ’ ಧ್ವನಿ ಉಳಿಸಲು ಎಸ್ಕೋಹೊ ಎಂಬುದನ್ನು ‘ಜೆ’ ಅಕ್ಷರದಿಂದ ಬರೆಯುತ್ತಾರೆ. ಬೆನ್ಸೇರ್ (ಗೆಲ್ಲುವುದು) ‘ಸಿ’ ಅಕ್ಷರದ್ದು, ಬೇನ್ಸೊ ‘ಜೆಡ್’ ಅಕ್ಷರದ್ದು. ದಿಸ್ತಿಂಗೀರ್ (ಬೇರ್ಪಡಿಸಿ ಗುರುತಿಸುವುದು) ಎಂಬಲ್ಲಿರುವ ಮೂಕ ‘ಯು’ ದಿಸ್ತೀಂಗೊ ಎಂಬಲ್ಲಿ ಬಿದ್ದುಹೋಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಈ ಬದಲಾವಣೆ ಕಾಣುವುದೇ ಇಲ್ಲ, ಆದ್ದರಿಂದ ಈ ಗುಂಪನ್ನು ರೋಮನ್ ಲಿಪಿಯಲ್ಲೇ ಅಭ್ಯಾಸ ಮಾಡಬೇಕು. ಎಸ್ತುದ್ಯಾರ್ (ಅಧ್ಯಯನ ಮಾಡುವುದು) ‘ಎಸ್ತೂದ್ಯೊ’ ಆದರೆ, ನೋಡಲು ಅದರಂತೆಯೇ ಇರುವ ಎನ್‌ಬ್ಯಾರ್ (ಕಳುಹಿಸುವುದು) ‘ಎನ್‌ಬೀಒ’ ಆಗಿ ಓರೆಗೆರೆ ಪಡೆಯುತ್ತದೆ. ಇವೆರಡರ ನಡುವಿನ ಭೇದವನ್ನು ಒಂದೊಂದಾಗಿಯೇ ಕಲಿಯಬೇಕು.

ಹಂತ 8: ಇದು ನಿಯಮಿತವೇ ಎಂದು ಪರೀಕ್ಷಿಸಿ

ಮೂಲರೂಪ ನೋಡಿದ ಮಾತ್ರಕ್ಕೆ ಕ್ರಿಯಾಪದ ನಿಯಮಿತವೋ ಅಲ್ಲವೋ ಎಂಬುದು ತಿಳಿಯುವುದಿಲ್ಲ. ಪೆನ್ಸಾರ್ (ಯೋಚಿಸುವುದು) ಅಬ್ಲಾರ್‌ನಂತೆಯೇ ಕಂಡರೂ ‘ಪ್ಯೇನ್ಸೊ’ ಆಗುತ್ತದೆ. ದೊರ್ಮೀರ್ (ಮಲಗುವುದು) ‘ದ್ವೇರ್ಮೊ’, ಪೆದೀರ್ (ಕೇಳಿಕೊಳ್ಳುವುದು) ‘ಪೀದೊ’. ಇವುಗಳಲ್ಲಿ ಪ್ರತ್ಯಯಗಳು ಮೇಲಿನವೇ, ಒತ್ತು ಬಿದ್ದ ಕಡೆ ಧಾತುವಿನ ಸ್ವರ ಮಾತ್ರ ಬದಲಾಗುತ್ತದೆ. ಒತ್ತು ಧಾತುವಿನಿಂದ ಜಾರುವ ‘ನಾವು’ ರೂಪದಲ್ಲಿ ಪೆನ್ಸಾಮೊಸ್ ಎಂದು ಮೂಲ ಸ್ವರ ಮರಳುತ್ತದೆ. ಕೊನೊಸೇರ್ (ಪರಿಚಯವಿರುವುದು) ‘ನಾನು’ ರೂಪದಲ್ಲಿ ಮಾತ್ರ ‘ಕೊನೋಸ್ಕೊ’ ಎಂದು ಹಳಿ ತಪ್ಪುತ್ತದೆ. ಇರುವುದು, ಹೋಗುವುದು ಎಂಬರ್ಥದ ಸೆರ್, ಎಸ್ತಾರ್, ಇರ್ ಈ ಮಾದರಿಗಳಿಗೆ ಸಿಗುವುದಿಲ್ಲ, ಅವನ್ನು ಬೇರೆಯಾಗಿಯೇ ಕಲಿಯಬೇಕು.

ಆದ್ದರಿಂದ ಹೊಸ ಕ್ರಿಯಾಪದ ಬರೆದುಕೊಳ್ಳುವಾಗ ಮೂಲರೂಪದ ಪಕ್ಕದಲ್ಲಿ ‘ನಾನು’ ಮತ್ತು ‘ನಾವು’ ರೂಪಗಳನ್ನೂ ಬರೆಯಿರಿ. ಎರಡರಲ್ಲೂ ಧಾತುವಿನ ಅಕ್ಷರಗಳು ಒಂದೇ ಆಗಿದ್ದರೆ ವರ್ತಮಾನಕಾಲದ ಮಟ್ಟಿಗೆ ಸಾಮಾನ್ಯವಾಗಿ ಅದನ್ನು ನಿಯಮಿತ ಎಂದೇ ಹಿಡಿಯಬಹುದು. ಸಂಶಯ ಬಂದರೆ ಸ್ಪೇನಿನ ರೆಆಲ್ ಅಕಾದೇಮ್ಯ ಎಸ್ಪಞೋಲ ಎಂಬ ಭಾಷಾ ಅಕಾಡೆಮಿ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ ನಿಘಂಟನ್ನು ತೆರೆದು ಮೂಲರೂಪವನ್ನು ಹುಡುಕಿ. ಕ್ರಿಯಾಪದದ ನಮೂದಿನಲ್ಲೇ ರೂಪಪಟ್ಟಿಯೂ ಸಿಗುತ್ತದೆ. ಅದರಲ್ಲಿ ‘ತು’ ಮತ್ತು ‘ಬೊಸ್’ ರೂಪಗಳನ್ನು ಒಂದೇ ಜಾಗದಲ್ಲಿ ‘/’ ಗುರುತಿನಿಂದ ಬೇರ್ಪಡಿಸಿ ಕೊಟ್ಟಿರುತ್ತಾರೆ, ಆ ಎರಡನ್ನು ಒಂದೇ ಪದ ಎಂದು ಓದಿಕೊಳ್ಳಬೇಡಿ.